ಆಯಿಯ ಹಲ್ಲಿನ ಫೋಟೋ

ಮೊದಲೇ ಒಪ್ಪಿಕೊಂಡುಬಿಡುತ್ತೇನೆ: ನನಗೆ ಫೋಟೋ ತೆಗೆಯಲು ಬರುತ್ತಿರಲಿಲ್ಲ. ಫೋಟೋ ತೆಗೆಯುವವರ ಹಾಗೆ ಮಾಡಲು ಬರುತ್ತಿತ್ತು. ಇವೆರಡರ ನಡುವಿನ ಅಂತರ ಮನೆಯಲ್ಲಿ ನನ್ನೊಬ್ಬನಿಗೇ ಗೊತ್ತಿತ್ತು, ನಾನು ತುಟಿ ಬಿಚ್ಚಲಿಲ್ಲ. ಮುಂದೆ ಆದದ್ದಕ್ಕೆಲ್ಲ ಅದೇ ಕಾರಣ.

ಆಗ ನಾನು ಬಿ.ಎ. ಮುಗಿಸಿ, ಟೈಪಿಂಗ್ ಕಲಿಯುತ್ತೇನೆ ಎಂಬ ನೆಪದ ಮೇಲೆ ಅಹಮದಾಬಾದಿನಲ್ಲಿ ಅಕ್ಕನ ಮನೆಯ ಅನ್ನ ತಿಂದುಕೊಂಡಿದ್ದೆ. ಭಾವ ವಿಮಾ ಕಚೇರಿಯವರು, ಧಾರವಾಡದಿಂದ ವರ್ಗವಾಗಿ ಬಂದವರು. ಮಣಿನಗರದಲ್ಲಿ ಒಬ್ಬ ಗುಜರಾತಿ ಯಜಮಾನರ ಮನೆಯ ಕೆಳಗಿನ ಭಾಗ ನಮ್ಮದು, ಮೇಲಿನದು ಅವರದು. ಬೆಳಿಗ್ಗೆ ನಾನು ಟೈಪಿಂಗ್ ಕ್ಲಾಸಿನಲ್ಲಿ ಬೆರಳು ನೋಯಿಸಿಕೊಂಡು ಬಂದು, ಸಂಜೆ ಮನೆಯವರ ಮುಂದೆ ಕಂಡಕಂಡವರ ನಕಲು ಮಾಡುತ್ತಿದ್ದೆ. ಹಾಲಿನವನು ಹೇಗೆ ನಡೆಯುತ್ತಾನೆ, ಯಜಮಾನರು ಮೀಸೆಯ ತುದಿ ಹೇಗೆ ತಿರುವುತ್ತಾರೆ, ಭಾವ ವಿಮೆಯ ಷರತ್ತುಗಳನ್ನು ಓದುವಾಗ ಅವರ ಕನ್ನಡಕ ಹೇಗೆ ಮೂಗಿನ ಇಳಿಜಾರಿನಲ್ಲಿ ಜಾರುತ್ತದೆ, ಎಲ್ಲ. ಯಾರೂ ಸಿಗದ ದಿನ ಟೈಪಿಂಗ್ ಯಂತ್ರದ ಮುಂದೆ ಕೂತ ನನ್ನದೇ ನಕಲು. ಅದಕ್ಕೆ ಎಲ್ಲಕ್ಕಿಂತ ಹೆಚ್ಚು ನಗು ಬೀಳುತ್ತಿತ್ತು, ಅದೊಂದು ಬೇಸರ.

ಸ್ಟೇಷನ್ ರಸ್ತೆಯಲ್ಲಿ ಒಂದು ಫೋಟೋ ಸ್ಟುಡಿಯೋ ಇತ್ತು. ಅದರ ಮಾಲೀಕರು ಕಪ್ಪು ಬಟ್ಟೆಯೊಳಗೆ ತಲೆ ಹುಗಿದು, ಒಂದು ಕೈ ಮಾತ್ರ ಹೊರಗೆ ಚಾಚಿ, ಆ ಕೈಯಿಂದಲೇ ನಮ್ಮ ಗದ್ದ ಎತ್ತಿಸಿ, ಹೆಗಲು ತಿರುಗಿಸಿ, ಕೊನೆಗೆ ಬಟ್ಟೆಯೊಳಗಿಂದ ಅಪ್ಪಣೆ ಹೊರಡಿಸುತ್ತಿದ್ದರು: "ಹಿಲ್ನಾ ಮತ್! ಹಸ್ನಾ ಮತ್! ಸಾಂಸ್ ರೋಕೋ!" ಅಲ್ಲಾಡಬೇಡ, ನಗಬೇಡ, ಉಸಿರು ಹಿಡಿ. ಅಲ್ಲಿ ಫೋಟೋ ತೆಗೆಸಿಕೊಂಡವರೆಲ್ಲ ಈಗಷ್ಟೇ ಬಾವಿಯಿಂದ ಮೇಲೆತ್ತಿದವರಂತೆ ಕಾಣುತ್ತಿದ್ದರು. ನಾನು ನೌಕರಿ ಅರ್ಜಿಗೆಂದು ಒಂದು ತೆಗೆಸಿಕೊಂಡು ಬಂದೆ. ಸಂಜೆ ಭಾವನ ಕಪ್ಪು ರೇನ್‌ಕೋಟನ್ನು ತಲೆಯ ಮೇಲೆ ಎಳೆದುಕೊಂಡು, ಅಕ್ಕಿ ಡಬ್ಬಿಯನ್ನು ಸ್ಟೂಲಿನ ಮೇಲಿಟ್ಟು, ಅವರ ನಕಲು ಮಾಡಿದೆ. ಅಕ್ಕ ನೆಲದ ಮೇಲೆ ಕೂತುಬಿಟ್ಟಳು. ನಗುವುದೆಂದರೆ ಸಂಬಳ ಕಡಿತವಾದಂತೆ ಎಂದುಕೊಂಡಿದ್ದ ಭಾವ ಕೂಡ ಕನ್ನಡಕ ಒರೆಸಿಕೊಂಡು ಹೇಳಿದರು:

"ಏನಪಾ, ಇಷ್ಟೆಲ್ಲಾ ಬರ್ತದ ಅಂದಮ್ಯಾಲೆ ಫೋಟೋ ತೆಗೀಲಿಕ್ಕೂ ಬರ್ತದ ನಿನಗ?"

"ಅಯ್ಯ ಭಾವಾ, ಅದೇನು ದೊಡ್ಡ ಮಾತು!" ಎಂದೆ.

ಮುಂದಿನ ರವಿವಾರ ಭಾವ ನದಿದಂಡೆಯ ಗುಜರಿ ಬಜಾರಿಗೆ ಹೋಗಿ, ಹಳೆ ಬೀಗ, ಮುರುಕು ಗ್ರಾಮೋಫೋನುಗಳ ನಡುವಿನಿಂದ ಒಂದು ಡಬ್ಬಿ ಕ್ಯಾಮೆರಾ ಆರಿಸಿ ತಂದರು. ಜೊತೆಗೆ ತಟ್ಟೆಯಂಥ ಕನ್ನಡಿಯ ಒಂದು ಫ್ಲಾಶು, ಅದಕ್ಕೆ ಸಿಕ್ಕಿಸುವ ಗಾಜಿನ ಬಲ್ಬುಗಳ ಒಂದು ಪೊಟ್ಟಣ. ಒಂದು ಫೋಟೋಕ್ಕೆ ಒಂದು ಬಲ್ಬು: ಒಮ್ಮೆ ಮಿಂಚಿದರೆ ಅದರ ಜನ್ಮ ಮುಗಿಯಿತು. ಭಾವನಂಥ ಲೆಕ್ಕಾಚಾರದ ಮನುಷ್ಯ ಇಷ್ಟೆಲ್ಲ ತರಲು ಕಾರಣ ಅವರ ತಾಯಿ. ಮನೆಮಂದಿಯೆಲ್ಲ ಅವರನ್ನು ಆಯಿ ಎನ್ನುತ್ತಿದ್ದೆವು.

ಆಯಿಯ ಹಲ್ಲುಗಳು ನೋಡಲು ದಾಳಿಂಬೆ ಕಾಳಿನಂತಿದ್ದವಂತೆ. "ಅಂತೆ" ಯಾಕೆಂದು ಮುಂದೆ ಹೇಳುತ್ತೇನೆ. ಒಸಡು ಕೆಟ್ಟು, ಎಲ್ಲವನ್ನೂ ಕೀಳಿಸಬೇಕೆಂದು ಬರೋಡೆಯ ಡಾಕ್ಟರು ಹೇಳಿದ್ದರು. ಹಲ್ಲಿನ ಡಾಕ್ಟರು ಅಹಮದಾಬಾದಿನಲ್ಲಿ ಇರಲಿಲ್ಲವೆಂದಲ್ಲ. ಆದರೆ ಬರೋಡೆಯವರು ವಿಜಾಪುರದ ಕಡೆಯವರು, ಕನ್ನಡ ಬಲ್ಲವರು. "ನಾ 'ಅಯ್ಯಯ್ಯೋ' ಅಂದ್ರ ಅದು ಅಂವಗ ತಿಳೀಬೇಕು. ಗುಜರಾತಿಯೊಳಗ ನೋವು ಮಾಡ್ಕೊಳ್ಳಿಕ್ಕೆ ನನಗ ಬರೂದಿಲ್ಲ" ಎಂದು ಆಯಿ ಹಟ ಹಿಡಿದಿದ್ದರು. ದಿನ ಗೊತ್ತಾಯಿತು. ಆ ಸಂಜೆ ಅವರು ಪಡಸಾಲೆಯ ಉಯ್ಯಾಲೆಯ ಮೇಲೆ ಕೂತು ತಮ್ಮ ಷರತ್ತು ಹೇಳಿದರು. ಈ ಊರಿನಲ್ಲಿ ಪಡಸಾಲೆಯಲ್ಲಿ ಉಯ್ಯಾಲೆ ಇಲ್ಲದ ಮನೆ ಮನೆಯೇ ಅಲ್ಲ. ಬಂದ ಮೊದಲ ದಿನವೇ ಅದನ್ನು ವಶಪಡಿಸಿಕೊಂಡ ಆಯಿ ಊಟಕ್ಕೆ ಬಿಟ್ಟರೆ ಇಳಿಯುತ್ತಿರಲಿಲ್ಲ.

"ಹಲ್ಲು ಹೋಗೂದಕ್ಕ ನನ್ನ ತಕರಾರಿಲ್ಲ. ಆದ್ರ ಹೋಗೂಕಿಂತ ಮೊದಲ ಒಂದು ಫೋಟೋ ಆಗ್ಲಿ. ನಕ್ಕಿದ್ದು. ಹಲ್ಲು ಕಾಣೂಹಂಗ."

"ಈ ವಯಸ್ಸಿನ್ಯಾಗ ಯಾಕ ಆಯಿ?" ಎಂದರು ಭಾವ.

"ಮತ್ಯಾವ ವಯಸ್ಸಿನ್ಯಾಗೋ? ಮುಂದಿನ ತಿಂಗಳ ಹಲ್ಲು ಇರಂಗಿಲ್ಲ." ಆಯಿ ಎದ್ದು ಹೋಗಿ ಟ್ರಂಕಿನಿಂದ ಹಳೆ ಫೋಟೋಗಳನ್ನು ತಂದು ಉಯ್ಯಾಲೆಯ ಮೇಲೆ ಹರಡಿದರು. ಮದುವೆಯದು, ಮನೆಮಂದಿಯದು. ಎಲ್ಲದರಲ್ಲೂ ತುಟಿ ಬಿಗಿದ ಒಬ್ಬ ಹೆಂಗಸು. "ನೋಡು, ಎಲ್ಲಾದರಾಗೂ ಯಾರೋ ನನ್ನ ಬಾಯಿ ಹೊಲದಂಗದ. ನಿಮ್ಮಪ್ಪ ಒಮ್ಮೆ ಕೇಳಿದ್ರು, 'ಅಲ್ಲ, ನಿನಗ ಹಲ್ಲು ಅವೋ ಇಲ್ಲೋ' ಅಂತ. ನಾ ಸೆರಗು ಬಾಯಿಗಿಟಗೊಂಡು ನಕ್ಕೆ. ಅವರು ನೋಡದೇ ಹೋಗಿಬಿಟ್ರು. ಈಗ ಹಲ್ಲೂ ಹೊಂಟಾವ. ಇದ್ವು ಅನ್ನೂದಕ್ಕ ಒಂದು ಸಾಕ್ಷಿ ಬ್ಯಾಡೇನು?"

ನಾನು ಎದೆ ತಟ್ಟಿಕೊಂಡು ಹೇಳಿದೆ, "ಆಯಿ, ನಗಿಸೋದು ನನ್ನ ಕೆಲಸ. ತೆಗಿಯೋದೂ ನನ್ನ ಕೆಲಸ."

"ಮಂಗ್ಯಾ, ನಿನ್ನ ನಂಬೀನಿ ನೋಡು" ಎಂದರು ಆಯಿ.

ಇಲ್ಲಿ ಒಂದು ಸಂಗತಿ ನನಗೆ ಮೊದಲೇ ಹೊಳೆಯಬೇಕಿತ್ತು. ನಾನು ತಿಂಗಳುಗಟ್ಟಲೆ ಆಯಿಯನ್ನು ನಗಿಸಿದ್ದೆ. ಹೊಟ್ಟೆ ಹಿಡಿದುಕೊಂಡು, ಕಣ್ಣೀರು ಸುರಿಯುವಂತೆ ನಗಿಸಿದ್ದೆ. ಆದರೆ ಅವರ ಒಂದೇ ಒಂದು ಹಲ್ಲನ್ನೂ ಕಂಡಿರಲಿಲ್ಲ. ನಗು ಹೊಟ್ಟೆಯಿಂದ ಹೊರಟು ಬಾಯಿ ತಲುಪುವಷ್ಟರಲ್ಲಿ ಸೆರಗು ಅಲ್ಲಿಗೆ ಬಂದು ಕಾಯುತ್ತಿರುತ್ತಿತ್ತು. ಅವರ ಓರಗೆಯ ಹೆಂಗಸರೆಲ್ಲ ಹಾಗೇ. ಆ ಕೈಯನ್ನು ಅವರು ಎತ್ತುತ್ತಿರಲಿಲ್ಲ, ಅದು ತಾನೇ ಏಳುತ್ತಿತ್ತು, ಕಣ್ಣಿಗೆ ಧೂಳು ಬಂದರೆ ರೆಪ್ಪೆ ಮುಚ್ಚುವ ಹಾಗೆ. ಅಂದರೆ ನಗದಿದ್ದರೆ ತುಟಿ ಅಡ್ಡ, ನಕ್ಕರೆ ಸೆರಗು ಅಡ್ಡ. ಆಯಿಯ ಹಲ್ಲು ನೋಡುವುದಕ್ಕಿಂತ ರಾಜನ ಖಜಾನೆ ನೋಡುವುದು ಸುಲಭವಿತ್ತು.

ಮೊದಲ ರೀಲು ಪಡಸಾಲೆಯಲ್ಲೇ ಶುರುವಾಯಿತು. ಆಯಿ ಉಯ್ಯಾಲೆ ಬಿಟ್ಟು ಇಳಿಯಲೊಲ್ಲರು. ಕೂತರೆ ಉಯ್ಯಾಲೆ ನಿಲ್ಲದು. ನಾನು ಸ್ಟುಡಿಯೋದವರ ಹಾಗೆ ಕೈ ಚಾಚಿ, ಗದ್ದ ಎತ್ತಿಸಿ, ಇಳಿಸಿ, ಗತ್ತಿನಿಂದ ಗುಂಡಿ ಒತ್ತಿದೆ. ಮೇಲಿನಿಂದ ಯಜಮಾನರ ಹೆಂಡತಿ ಇಳಿದು ಬಂದು, "ಅರೇ ಬಾ, ಹಸೋ ನೆ! ಜರಾಕ್ ಹಸೋ!" ಎಂದು ಹುರಿದುಂಬಿಸಿದರು. ಅವರ ಭಾಷೆಯಲ್ಲಿ 'ಬಾ' ಅಂದರೆ ಅಮ್ಮ: ಅಮ್ಮಾ, ಸ್ವಲ್ಪ ನಗಿರಿ ಎಂದು. ಯಜಮಾನರೂ ಬಂದು, ತಮ್ಮದೂ ಒಂದು ಇರಲಿ ಎಂದು ಮೀಸೆ ತೀಡಿಕೊಂಡು ನಿಂತರು. ನಾನು ಅವರದನ್ನೂ ಒತ್ತಿದೆ. ಒಂದೊಂದು ಫೋಟೋ ಆದ ಮೇಲೂ ತಪ್ಪದೆ ರೀಲು ಮುಂದಕ್ಕೆ ತಿರುಗಿಸಬೇಕೆಂಬುದು ನನ್ನ ನಕಲಿನಲ್ಲಿ ಇರಲಿಲ್ಲ, ನೆನಪಾದಾಗ ತಿರುಗಿಸುತ್ತಿದ್ದೆ. ಸ್ಟುಡಿಯೋದಲ್ಲಿ ಅದೆಲ್ಲ ಕಪ್ಪು ಬಟ್ಟೆಯೊಳಗೆ ನಡೆಯುತ್ತಿತ್ತಲ್ಲ.

ರೀಲು ತೊಳೆಸಿ ತರಲು ಹೋದಾಗ ಸ್ಟುಡಿಯೋದವರು ಒಂದೊಂದೇ ಫೋಟೋವನ್ನು ಇಸ್ಪೀಟಿನಂತೆ ಮೇಜಿನ ಮೇಲೆ ಹಾಕಿದರು. ಮೊದಲನೆಯದರಲ್ಲಿ ಉಯ್ಯಾಲೆಯ ಹಿಂದಿನ ಗೋಡೆ ಸ್ಪಷ್ಟವಾಗಿತ್ತು, ಅದರ ಮುಂದೆ ಹೊಗೆ ಕೂತಿತ್ತು. ಎರಡನೆಯದರಲ್ಲಿ, ಹಲ್ಲು ದೊಡ್ಡದಾಗಿ ಬರಲೆಂದು ನಾನು ತೀರ ಹತ್ತಿರ ಹೋಗಿದ್ದರಿಂದ, ಮುಖವೆಲ್ಲ ಕಲಸಿದ ಗೋಧಿಹಿಟ್ಟು. ಮೂರನೆಯದನ್ನು ಅವರು ಎತ್ತಿ ಹಿಡಿದು ನನ್ನ ಕಡೆಗೆ ತಿರುಗಿಸಿದರು. ಸೆರಗು ಹೊದ್ದ ಆಯಿ ಗಂಭೀರವಾಗಿ ಕೂತಿದ್ದರು. ಮೂಗಿನ ಕೆಳಗೆ ಮನೆ ಯಜಮಾನರ ಮೀಸೆ.

"ಯೇ ಮಾತಾಜೀ ಹೈ ಯಾ ಪಿತಾಜೀ?" ಎಂದು ಕೇಳಿದರು.

ನಾನು ಅವರದೇ ದನಿಯಲ್ಲಿ "ಹಸ್ನಾ ಮತ್" ಎಂದೆ. ನಕಲು ತಮ್ಮದೇ ಎಂದು ಅವರಿಗೆ ತಿಳಿಯಿತು. ಅಂದಿನಿಂದ ನನ್ನ ರೀಲುಗಳು ಎಲ್ಲರದಕ್ಕಿಂತ ತಡವಾಗಿ ತೊಳೆಯಲ್ಪಟ್ಟವು.

ಆ ಫೋಟೋ ನೋಡಿ ಆಯಿ ನಕ್ಕರು, ಸೆರಗಿನ ಹಿಂದೆ. "ಛಲೋ ಅದ. ಆದ್ರ ಹಲ್ಲೆಲ್ಲಿ?" ಎಂದರು. ಭಾವ ಮಾತ್ರ ನಗಲಿಲ್ಲ. ಕ್ಯಾಮೆರಾದ ಡಬ್ಬಿಯೊಳಗಿದ್ದ ಇಂಗ್ಲಿಷ್ ಚೀಟಿಯನ್ನು ತೆಗೆದು, ವಿಮೆಯ ಕಾಗದದಂತೆ ಓದಿ, ಕಲಮು ಕಲಮಾಗಿ ಅರ್ಥ ಹೇಳತೊಡಗಿದರು. "ಸೂರ್ಯ ನಿನ್ನ ಬೆನ್ನಿಗಿರಬೇಕು. ಎಂಟು ಅಡಿ ದೂರ ನಿಲ್ಲಬೇಕು. ಕ್ಯಾಮೆರಾ ಎದಿಗೆ ಅವುಚಿ ಹಿಡದು, ಉಸಿರು ಬಿಗಿಹಿಡದು, ಗುಂಡಿ ಮೆಲ್ಲಕ ಒತ್ತಬೇಕು. ಒತ್ತಿದ ಮ್ಯಾಲೆ ಹಿಂದಿನ ಕೆಂಪು ಕಿಂಡಿಯೊಳಗ ಮುಂದಿನ ನಂಬರ್ ಬರೂತನಕ ತಿರುವಬೇಕು. ಮನಿಯೊಳಗಾದ್ರ ಫ್ಲಾಶು. ಫ್ಲಾಶಿಗೂ ಎಂಟ ಅಡಿ. ಹತ್ರ ಹೋದ್ರ ಸುಣ್ಣ, ದೂರ ಹೋದ್ರ ಮಸಿ." ಅಷ್ಟಕ್ಕೇ ಬಿಡದೆ ಅಕ್ಕನ ಹೊಲಿಗೆಯ ದಾರವನ್ನು ಎಂಟು ಅಡಿ ಅಳೆದು ಕತ್ತರಿಸಿ, ಒಂದು ತುದಿಯನ್ನು ಕ್ಯಾಮೆರಾಕ್ಕೆ ಕಟ್ಟಿದರು. ಇನ್ನೊಂದು ತುದಿಯನ್ನು ಆಯಿಯ ಮೂಗಿಗೆ ಮುಟ್ಟಿಸಿ ಹಿಡಿಯುವುದು ತಮ್ಮ ಜವಾಬ್ದಾರಿ ಎಂದು ಸಾರಿದರು.

ಹೆತ್ತ ಮಗ ಮೂಗಿಗೆ ದಾರ ಹಿಡಿದು ಪಕ್ಕದಲ್ಲಿ ನಿಂತಿರುವಾಗ ಯಾವ ತಾಯಿಯಾದರೂ ನಕ್ಕಾಳೆಯೇ? ನಕ್ಕರು. ಸೆರಗು ಎದ್ದಿತು. ದಾರವೂ ಸೆರಗಿನೊಳಗೆ ಹೋಯಿತು.

ಈ ನಡುವೆ ಬಲ್ಬುಗಳ ಪ್ರಕರಣವೊಂದು ನಡೆಯಿತು. ಒಡೆದಾವೆಂದು ಅಕ್ಕ ಅವನ್ನು ಅಕ್ಕಿಯಲ್ಲಿ ಹುಗಿದಿಟ್ಟಿದ್ದಳು. ಮಡಿವಂತರಾದ ಯಜಮಾನರ ಹೆಂಡತಿ ಮೊರ ಕೇಳಲು ಬಂದವರು, ತೆರೆದ ಡಬ್ಬಿಯಲ್ಲಿ ಅಕ್ಕಿಯಿಂದ ಇಣುಕುತ್ತಿದ್ದ ನುಣ್ಣಗಿನ ದುಂಡು ತಲೆಗಳನ್ನು ಕಂಡು, ಮೊರವನ್ನೂ ಮರೆತು ಮೇಲಕ್ಕೆ ಓಡಿದರು. ಎರಡೇ ನಿಮಿಷಕ್ಕೆ ಯಜಮಾನರು ಮೀಸೆ ನಡುಗಿಸುತ್ತ ಬಾಗಿಲಲ್ಲಿ ನಿಂತರು. "ಮಾರಾ ಘರ್ ಮಾಂ ಈಂಡಾ? ಮೊಟ್ಟೆ?" ಅವರಿಗೆ ಗೊತ್ತಿದ್ದ ಕನ್ನಡ ಶಬ್ದ ಅದೊಂದೇ. ಬಾಡಿಗೆಗೆ ಕೊಡುವ ಮೊದಲು ಎಚ್ಚರಿಕೆಗಾಗಿ ಯಾರಿಂದಲೋ ಕಲಿತಿಟ್ಟುಕೊಂಡಿದ್ದರು.

ಭಾವ ಷರತ್ತುಗಳ ಭಾಷೆಯಲ್ಲಿ ವಿವರಿಸಲು ಹೊರಟರು. ನಾನು ಅದಕ್ಕೆ ಕಾಯಲಿಲ್ಲ. ಒಂದು ಬಲ್ಬನ್ನು ಫ್ಲಾಶಿಗೆ ಸಿಕ್ಕಿಸಿ ಯಜಮಾನರ ಮುಖದ ಎದುರೇ ಒತ್ತಿದೆ. ಪಡಸಾಲೆಯಲ್ಲಿ ಸಿಡಿಲು ಬಿದ್ದಂತಾಯಿತು. ಯಜಮಾನರು ಕಣ್ಣುಜ್ಜಿಕೊಂಡು ಗೋಡೆ ತಡವುತ್ತ, "ಈಂಡಾ ಹೋತ್ ತೋ ಸಾರೂಂ" ಎಂದರು. ಮೊಟ್ಟೆಯೇ ಆಗಿದ್ದರೆ ಚೆನ್ನಾಗಿತ್ತು ಎಂದು. ಆಯಿ ಉಯ್ಯಾಲೆಯ ಮೇಲೆ ಬಿದ್ದು ಬಿದ್ದು ನಕ್ಕರು. ನಾನು ತಟ್ಟನೆ ತಿರುಗಿದೆ. ಸೆರಗು.

ಹಲ್ಲು ಕೀಳಿಸುವುದಕ್ಕೆ ಮೊದಲು ಒಂದು ಸಮಾರಂಭ ಉಳಿದಿತ್ತು. ಭಾವನ ತಂಗಿ ಸೂರತ್ತಿನಲ್ಲಿದ್ದಳು, ಗಂಡ ಬ್ಯಾಂಕಿನವರು. ಅವಳ ಕೂಸಿನ ತೊಟ್ಟಿಲ ಶಾಸ್ತ್ರ. ಸೂರತ್ತಿಗೆ ಹೋಗಿ, ಬರುವಾಗ ದಾರಿಯಲ್ಲೇ ಬರೋಡೆಯಲ್ಲಿ ಇಳಿದು ಡಾಕ್ಟರ ಕೆಲಸ ಮುಗಿಸುವುದೆಂದು ಗೊತ್ತಾಯಿತು. ರೈಲಿನಲ್ಲಿ ಆಯಿ ಕ್ಯಾಮೆರಾದ ಚೀಲವನ್ನು ತೊಡೆಯ ಮೇಲೇ ಇಟ್ಟುಕೊಂಡಿದ್ದರು. "ಇದs ಕಡೀ ಅವಕಾಶ ನೋಡು ಮಂಗ್ಯಾ. ಅಲ್ಲಿ ಆಗ್ಲಿಲ್ಲಂದ್ರ ನನ್ನ ಹಲ್ಲಿನ ಕಥಿ ಮುಗೀತು" ಎಂದರು. ನಗುತ್ತಲೇ ಹೇಳಿದರೋ ಏನೋ, ಸೆರಗಿತ್ತು.

ಸೂರತ್ತಿನ ಆ ಮನೆಯ ಗೋಡೆಯ ಆಚೆ ವಿದ್ಯುತ್ ಮಗ್ಗಗಳು. ಖಟಾಖಟ್ ಖಟಾಖಟ್ ಎಂದು ಹಗಲೆಲ್ಲ ಓಡುತ್ತಿದ್ದವು. ನೆಲ ನಡುಗುತ್ತಿತ್ತು, ಗಡಿಗೆಯ ನೀರು ನಡುಗುತ್ತಿತ್ತು, ಕೂಸನ್ನು ತೊಟ್ಟಿಲಲ್ಲಿ ಹಾಕಿದರೆ ಯಾರೂ ತೂಗಬೇಕಿರಲಿಲ್ಲ. ಭಾವನ ತಂಗಿಯ ಗಂಡ ಎಷ್ಟೋ ವರ್ಷದಿಂದ ಅಲ್ಲಿದ್ದು ಮಾತನ್ನೂ ಅದೇ ಲಯದಲ್ಲಿ ಆಡುತ್ತಿದ್ದರು: "ಬರ್ರಿ ಬರ್ರಿ ಕೂಡ್ರಿ ಕೂಡ್ರಿ ಘಾರಿ ತಿನ್ರಿ ಘಾರಿ ತಿನ್ರಿ." ಘಾರಿ ಅಂದರೆ ಸೂರತ್ತಿನ ತುಪ್ಪದ ಸಿಹಿ. ಅದನ್ನು ತಿಂದ ಮೇಲೆ ಮನುಷ್ಯನಿಗೆ ಯಾವ ಚಿಂತೆಯೂ ಉಳಿಯುವುದಿಲ್ಲ. ನಾನು ಎರಡು ತಿಂದು ಯುದ್ಧಕ್ಕೆ ಸಿದ್ಧನಾದೆ.

ನನ್ನ ಹತ್ತಿರ ಒಂದು ಉಪಾಯವಿತ್ತು. ಆಯಿಯ ಎರಡೂ ಕೈಗೆ ಕೆಲಸ ಕೊಟ್ಟುಬಿಟ್ಟರೆ ಸೆರಗು ಎತ್ತುವವರು ಯಾರು? ತೊಟ್ಟಿಲ ಹಾಡು ಮುಗಿದ ಕೂಡಲೇ ಕೂಸನ್ನು ಅವರ ಕೈಗೆ ಕೊಡಿಸಿ, ಕುರ್ಚಿಯ ಮೇಲೆ ಕೂಡಿಸಿದೆ. ಹಿಂದೆ ಬೀಗರು, ನೆರೆಯವರು ಗುಂಪುಗೂಡಿ ನಿಂತರು. ಭಾವ ದಾರ ಹಿಡಿದು ಎಂಟು ಅಡಿ ಅಳೆದುಕೊಟ್ಟು ಗುಂಪಿನೊಳಗೆ ಸರಿದರು. ನೆಲ ನಡುಗಿದರೇನು, ಮಿಂಚಿನ ಬೆಳಕಿಗೆ ಎಲ್ಲವೂ ನಿಂತುಬಿಡುತ್ತದೆ. ಅಷ್ಟು ನನಗೂ ತಿಳಿದಿತ್ತು. ನಾನು ಕ್ಯಾಮೆರಾ ಎದೆಗೆ ಅವುಚಿಕೊಂಡು, ಮೊದಲು ಭಾವನ ನಕಲು ಮಾಡಿದೆ: "ಕಲಮು ಒಂದು. ಅಜ್ಜಿ ನಗತಕ್ಕದ್ದು. ಕಲಮು ಎರಡು. ಮೊದಲ ಕಲಮು ತಪ್ಪಿದಲ್ಲಿ ವಿಮೆ ರದ್ದು." ಗುಂಪು ಗೊಳ್ಳೆಂದಿತು. ಆಯಿಯ ಹೊಟ್ಟೆ ಅಲುಗಿತು. ಆಮೇಲೆ ಬ್ಯಾಂಕಿನವರದು: "ನಗ್ರಿ ನಗ್ರಿ ತೆರೀರಿ ತೆರೀರಿ." ಆಯಿಯ ಹೆಗಲು ಅಲುಗಿತು. ಕೈ ಚಡಪಡಿಸಿತು, ಕೂಸಿತ್ತು. ತುಟಿ ಬಿರಿಯತೊಡಗಿತು. ಬಂತು, ಬಂತು. ಒತ್ತಿದೆ. ಮಿಂಚಿತು.

ಆ ಕ್ಷಣದಲ್ಲಿ ಆಯಿ ಕೂಸನ್ನೇ ಎತ್ತಿ ಬಾಯಿಗೆ ಅಡ್ಡ ಹಿಡಿದಿದ್ದರು.

ಆ ಫೋಟೋ ಈಗಲೂ ನನ್ನ ಹತ್ತಿರ ಇದೆ. ಅದರಲ್ಲಿ ಸೂರತ್ತಿನ ಅರ್ಧ ಊರಿನ ಹಲ್ಲುಗಳಿವೆ. ಬೀಗರದು, ನೆರೆಯವರದು, ಬ್ಯಾಂಕಿನವರ ಒಂದು ಬಂಗಾರದ್ದು, ಅಪರೂಪಕ್ಕೆ ನಗುವ ಭಾವನದೂ. ನಟ್ಟನಡುವೆ ಒಂಬತ್ತು ಗಜದ ಸೀರೆ ಉಟ್ಟ, ಬೊಚ್ಚುಬಾಯಿ ತೆರೆದು ಅರಚುತ್ತಿರುವ ಕೂಸಿನ ತಲೆಯ ಒಬ್ಬ ಮುದುಕಿ.

"ನಾ ಎತ್ತಲಿಲ್ಲೋ, ಕೈ ತಾನs ಎತ್ತಿತು" ಎಂದರು ಆಯಿ. ಮುಖ ಸಣ್ಣದಾಗಿತ್ತು. ನನಗೂ ಆಗ ನಕಲು ಮಾಡಲು ಯಾರೂ ಸಿಗಲಿಲ್ಲ.

ಬರೋಡೆಗೆ ಬಂದಿಳಿಯುವಾಗ ರೀಲಿನಲ್ಲಿ ಒಂದೇ ಫೋಟೋ ಉಳಿದಿತ್ತು, ಪೊಟ್ಟಣದಲ್ಲಿ ಒಂದೇ ಬಲ್ಬು. ಡಾಕ್ಟರ ಕೋಣೆಯ ಹೊರಗೆ ಬೆಂಚಿನ ಮೇಲೆ ಕೂತು ಆಯಿ ಸುಮ್ಮನೆ ನಾಲಿಗೆಯಿಂದ ಹಲ್ಲುಗಳನ್ನು ಒಂದೊಂದಾಗಿ ಮುಟ್ಟಿ ನೋಡಿಕೊಳ್ಳುತ್ತಿದ್ದರು. ಕೆನ್ನೆಯ ಮೇಲೆ ಅದು ಗೊತ್ತಾಗುತ್ತಿತ್ತು. ಅದನ್ನು ನೋಡುತ್ತ ನೋಡುತ್ತ ನನಗೆ ಒಮ್ಮೆಲೇ ಹೊಳೆಯಿತು. ಜಗತ್ತಿನಲ್ಲಿ ಆಯಿ ಸೆರಗಿಲ್ಲದೆ ಬಾಯಿ ತೆರೆಯುವ ಜಾಗ ಒಂದೇ ಒಂದು, ಅದು ಈ ಕೋಣೆ! ಕುರ್ಚಿಯ ಹಿಡಿಕೆಗಳನ್ನು ಎರಡೂ ಕೈಯಿಂದ ಬಿಗಿಹಿಡಿದು, ಕತ್ತಿಗೆ ಬಿಳಿ ಬಟ್ಟೆ ಕಟ್ಟಿಸಿಕೊಂಡು, ತಾವಾಗಿಯೇ ತೆರೆಯಬೇಕು. ನಗು ಇರದಿದ್ದರೆ ಬೇಡ, ಹಲ್ಲಾದರೂ ಸಿಕ್ಕೀತು.

ಆಯಿಗೆ ಹೇಳಿದೆ. ಅವರ ಮುಖ ಅರಳಿತು. "ಆಗ್ಲಿ. ಇಲ್ಲದ್ದಕ್ಕಿಂತ ತೆರದ ಬಾಯಿನೂ ಆದೀತು."

ಡಾಕ್ಟರು ನಮ್ಮ ಮಾತು ಕೇಳಿ ಇಕ್ಕಳ ಕೆಳಗಿಟ್ಟರು. "ಫೋಟೋ ಏನ್ರಿ? ಇಲ್ಲೇ? ನನ್ನ ಕೂಡ?"

"ನಿಮ್ಮ ಕೂಡ ಅಲ್ರಿ, ನಮ್ಮ ಆಯೀದು."

"ಅದs ಅದs" ಎಂದು ಅವರು ಕನ್ನಡಿಯ ಮುಂದೆ ಹೋಗಿ ತಲೆ ಬಾಚಿಕೊಂಡರು. ಬಿಳಿ ಕೋಟಿನ ಗುಂಡಿ ಹಾಕಿಕೊಂಡರು. ವಿಜಾಪುರ ಬಿಟ್ಟ ಮೇಲೆ ತಮ್ಮದೂ ಒಂದು ಸರಿಯಾದ ಫೋಟೋ ಆಗಿಲ್ಲವೆಂದರು. ಭಾವ ಅಳೆದರು: ಆಯಿಯ ಮೂಗಿನಿಂದ ಬಾಗಿಲ ಹೊಸ್ತಿಲು, ಸರಿಯಾಗಿ ಎಂಟು ಅಡಿ. ನಾನು ಹೊಸ್ತಿಲ ಮೇಲೆ ನಿಂತೆ. ಬಲ್ಬು ಸಿಕ್ಕಿಸಿದೆ. ಕೆಂಪು ಕಿಂಡಿಯಲ್ಲಿ ನಂಬರು ನೋಡಿದೆ. ಎಲ್ಲ ಕಲಮುಗಳೂ ಪೂರ್ತಿ.

"ಅಜ್ಜೀ, ಆ ಮಾಡ್ರಿ" ಎಂದರು ಡಾಕ್ಟರು.

"ಆ" ಎಂದರು ಆಯಿ.

ನಾನು ಉಸಿರು ಬಿಗಿಹಿಡಿದು, ಎದೆಗೆ ಅವುಚಿದ ಕ್ಯಾಮೆರಾದ ಉಗುರಿನಷ್ಟು ಕಿಂಡಿಯನ್ನು ಬಗ್ಗಿ ನೋಡುತ್ತ, ಮೆಲ್ಲಗೆ ಒತ್ತಿದೆ. ಮಿಂಚಿತು. ಆಯಿ "ಆತೇನೋ?" ಎಂದರು. "ಆತು ಆಯಿ! ಆತು!" ಎಂದೆ. ಆಯಿ ತೃಪ್ತಿಯಿಂದ ಡಾಕ್ಟರ ಕಡೆ ತಿರುಗಿದರು. "ಹಾಂ, ಇನ್ನ ತೊಗೊಳ್ಳಪಾ ನಿನ್ನ ಮಾಲು."

ಎಲ್ಲವನ್ನೂ ಒಂದೇ ದಿನಕ್ಕೆ ಕೀಳುವ ಹಾಗಿರಲಿಲ್ಲ. ಆಯಿ ಪರಿಚಯದವರೊಬ್ಬರ ಮನೆಯಲ್ಲಿ ಉಳಿದರು, ಜೊತೆಗೆ ಅಕ್ಕ. ನಾನೂ ಭಾವನೂ ಅಹಮದಾಬಾದಿಗೆ ಮರಳಿದೆವು. ರೀಲನ್ನು ಸ್ಟುಡಿಯೋಕ್ಕೆ ಕೊಟ್ಟೆ. ಅವರು ತಮ್ಮ ಸೇಡಿಗೆ ತಕ್ಕಂತೆ ನಿಧಾನವಾಗಿ ತೊಳೆದರು. ಆಯಿಯನ್ನು ಭಾವ ಕರೆತಂದ ಮರುದಿನ ಬೆಳಿಗ್ಗೆಯಷ್ಟೇ ಫೋಟೋ ಕೈಗೆ ಬಂತು. ಲಕೋಟೆ ಕೊಡುವಾಗ ಸ್ಟುಡಿಯೋದವರು ಮೊದಲ ಸಲ ನನ್ನನ್ನು ಮೆಚ್ಚಿದರು. "ಬಹುತ್ ಬಢಿಯಾ. ಯೇ ಸಾಹಬ್ ಕೌನ್ ಹೈ?"

ಸಾಹೇಬ? ಅಲ್ಲೇ ರಸ್ತೆಯಲ್ಲಿ ನಿಂತು ನೋಡಿದೆ. ನಾನು ತೆಗೆದ ಫೋಟೋಗಳಲ್ಲೇ ಅಷ್ಟು ಸ್ವಚ್ಛವಾದದ್ದು ಇನ್ನೊಂದಿರಲಿಲ್ಲ. ಬಿಳಿ ಕೋಟು, ಬಾಚಿದ ತಲೆ, ಕಿವಿಯಿಂದ ಕಿವಿಗೆ ಬಿರಿದ ನಗು. ಡಾಕ್ಟರು ಫ್ಲಾಶಿನ ಕಡೆ ತಿರುಗಿ ತಮ್ಮ ಅಷ್ಟೂ ಹಲ್ಲುಗಳನ್ನು ತೋರಿಸುತ್ತಿದ್ದರು. ತಿರುಗುವಾಗ ಅವರ ಮೊಳಕೈ ಆಯಿಯ ಮುಖಕ್ಕೆ ಅಡ್ಡ ಬಂದಿತ್ತು. ಅದರ ಮೇಲೆ ಆಯಿಯ ಹಣೆ, ಕುಂಕುಮವಿಲ್ಲದ ಆ ಹಣೆಯ ಗೆರೆಗಳು, ಒಂದೊಂದೂ ಎಣಿಸುವಷ್ಟು ಸ್ಪಷ್ಟ.

ಲಕೋಟೆಯನ್ನು ಅಂಗಿಯೊಳಗೆ ತೂರಿಸಿ ಮನೆಗೆ ನಡೆದೆ. ಹೋದಾಗ ಆಯಿ ಹೊರಗೆ ಬಾಗಿಲಿಗೆ ಎದುರಾದ ಕಟ್ಟೆಯ ಮೇಲೆ ಬಿಸಿಲಿಗೆ ಮುಖ ಕೊಟ್ಟು ಕೂತಿದ್ದರು. ಡಾಕ್ಟರು ಉಯ್ಯಾಲೆ ಆಡಬಾರದೆಂದು ಹೇಳಿದ್ದರಂತೆ, ಒಸಡು ಮಾಯುವವರೆಗೆ. ಕೆನ್ನೆ ಒಳಗೆ ಹೋಗಿ ಬೇರೆ ಯಾರೋ ಆಗಿದ್ದರು. ಕಟ್ಟಿಸಿದ ಹಲ್ಲು ಬರಲು ಇನ್ನೂ ತಿಂಗಳುಗಳೇ ಬೇಕು. ಅದು ಬಂದಾಗ ತೆಗೆಯಲೆಂದು ಭಾವ ಹೊಸ ರೀಲನ್ನು ಆಗಲೇ ಹಾಕಿಸಿ, ಕ್ಯಾಮೆರಾವನ್ನು ಬಾಗಿಲ ಗೂಟಕ್ಕೆ ತೂಗುಹಾಕಿದ್ದರು. ದಾರ ಅದರಲ್ಲೇ ಜೋತಾಡುತ್ತಿತ್ತು.

"ತಾ ಇಲ್ಲೆ" ಎಂದರು ಆಯಿ. ಹಲ್ಲಿಲ್ಲದ ಬಾಯಿಯಿಂದ ಮಾತು ಮೆತ್ತಗೆ ಬಂತು. ಫೋಟೋ ಹಿಡಿದು ದೂರ ಮಾಡಿದರು, ಹತ್ತಿರ ಮಾಡಿದರು.

"ಇಂವಾ ಯಾರು?"

"ಡಾಕ್ಟರು, ಆಯಿ."

"ಅಂವಗ ಹಲ್ಲು ಭಾಳ ಛಲೋ ಅವ. ನನ್ನವು?"

ನಾನು ನೆಲ ನೋಡುತ್ತ ಹೇಳಿದೆ: "ಅವೂ ಅವ, ಆಯಿ. ಅವರ ಮೊಳಕೈ ಹಿಂದ ಅವ."

ಆಯಿ ಮತ್ತೊಮ್ಮೆ ಫೋಟೋ ನೋಡಿದರು. ಅಳುತ್ತಾರೆಂದು ನಾನು ಹಿಂದಕ್ಕೆ ಹಿಂದಕ್ಕೆ ಸರಿದೆ, ಬಾಗಿಲ ಗೂಟ ಬೆನ್ನಿಗೆ ತಾಗುವವರೆಗೆ. ಮೊದಲು ಅವರ ಹೊಟ್ಟೆ ಅಲುಗಿತು. ಆಮೇಲೆ ಹೆಗಲು. ಆಮೇಲೆ ಬಾಯಿ ತೆರೆಯಿತು, ಪೂರ್ತಿ ತೆರೆಯಿತು. ಸೂರತ್ತಿನ ಆ ಕೂಸಿನ ಬಾಯಿಯಂತೆ ಗುಲಾಬಿ ಬಣ್ಣದ ಬೊಚ್ಚು ನಗು ಕಟ್ಟೆಯೆಲ್ಲ ತುಂಬಿತು. ನಾನು ಸೆರಗಿಗಾಗಿ ಕಾದೆ. ಕೈಗಳೆರಡೂ ಫೋಟೋ ಹಿಡಿದು ತೊಡೆಯ ಮೇಲೇ ಇದ್ದವು. ಏಳಲೇ ಇಲ್ಲ.

ಆಗ ನಾನು ಯಾರ ನಕಲನ್ನೂ ಮಾಡಲಿಲ್ಲ. ಕ್ಯಾಮೆರಾವನ್ನು ಗೂಟದಿಂದ ಇಳಿಸಿ ಎದೆಗೆ ಅವುಚಿದೆ. ಬಿಸಿಲು ನನ್ನ ಬೆನ್ನಿಗಿತ್ತು. ಆಯಿ ಅಲ್ಲಾಡದ ಕಟ್ಟೆಯ ಮೇಲಿದ್ದರು. ದಾರ ಅಳೆಯಲಿಲ್ಲ, ಆದರೆ ಬಾಗಿಲಿಗೂ ಕಟ್ಟೆಗೂ ಆಮೇಲೆ ಅಳೆದರೆ ಹೆಚ್ಚುಕಡಿಮೆ ಅಷ್ಟೇ ಇತ್ತು. ಒತ್ತಿದೆ. ನಾನು ಜನ್ಮದಲ್ಲಿ ತೆಗೆದ ಒಳ್ಳೆಯ ಫೋಟೋ ಅದೊಂದೇ. ಟ್ರಂಕಿನಲ್ಲಿದ್ದ ತುಟಿ ಬಿಗಿದವುಗಳನ್ನೆಲ್ಲ ಕೆಳಗೆ ಹಾಕಿ, ಆಯಿ ಅದನ್ನು ಮೇಲೆ ಇಟ್ಟುಕೊಂಡರು.

ಆದರೆ ಅದು ಆಮೇಲಿನ ಮಾತು. ಆ ಹೊತ್ತಿಗೆ ಗುಂಡಿಯ ಸಪ್ಪಳ ಕೇಳಿ ಭಾವ ಒಳಗಿನಿಂದ ಅರ್ಧ ಮುಖಕ್ಕೆ ಸೋಪು ಹಚ್ಚಿಕೊಂಡೇ ಓಡಿಬಂದಿದ್ದರು. ತಾಯಿಯ ತೆರೆದ ಬಾಯಿ, ನನ್ನ ಕೈಯ ಕ್ಯಾಮೆರಾ, ಎರಡನ್ನೂ ಕಂಡು ಗಾಬರಿಯಾಗಿ ಕೂಗಿದರು, "ಆಯೀ! ಸೆರಗು! ಸೆರಗು ಹಿಡಕೋ, ಬಾಯೆಲ್ಲಾ ಕಾಣಸ್ತದ!"

ಆಯಿ ನಗು ನಿಲ್ಲಿಸಲಿಲ್ಲ, ಕೈಯನ್ನೂ ಎತ್ತಲಿಲ್ಲ.

"ಅಂಗಡಿ ಖಾಲಿ ಆದಮ್ಯಾಲೆ ಬಾಗಲಾ ಯಾಕ ಹಾಕ್ಬೇಕೋ, ಮಗನ?"